ಹತ್ತಿಯ ಮೇಲೆ ಚಿನ್ನದ ಗೆರೆ



ಗದಗ ಜಿಲ್ಲೆಯ ಕುರ್ತಕೋಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಬಿತ್ತನೆಗೆ ಮೊದಲು ಹದಿನೈದು ದಿನ ಒಂದೇ ಕೆಲಸ: ಶೇಂಗಾ ಒಡೆಯುವುದು. ಓಣಿಯ ಹೆಣ್ಣುಮಕ್ಕಳು ನಾಲ್ಕಾರು ಜನ ಸುತ್ತ ಕೂತು ಕಾಯಿ ಒಡೆದು ಬೀಜವನ್ನು ಮೊರಕ್ಕೆ ಹಾಕುತ್ತಿದ್ದರು. ತುಂಬಿದ ಮೊರ ಅವ್ವನ ಮುಂದೆ ಬರುತ್ತಿತ್ತು. ಅವಳು ಬೆರಳಿನಿಂದ ಬೀಜ ಸರಿಸುತ್ತ, ಮುರುಟಿದ್ದು, ಕಪ್ಪಾದದ್ದು, ಮೇಲೆ ಹಸಿರು ಪುಡಿ ಕೂತದ್ದು ಎಲ್ಲವನ್ನೂ ಆರಿಸಿ ಬೇರೆ ಗುಡ್ಡೆ ಹಾಕುತ್ತಿದ್ದಳು. ನಾನು ಆ ಗುಡ್ಡೆಗೆ ಕೈ ಹಾಕಿದರೆ, “ಅವನ್ನ ತಿನ್ನಬ್ಯಾಡಪಾ, ಕಹಿ ಅದಾವ, ಉಗುಳು” ಎನ್ನುತ್ತಿದ್ದಳು.

ಅವ್ವನ ಕಣ್ಣು ಸರಿಯಾಗಿಯೇ ನೋಡಿತ್ತು. ಆ ಹಸಿರು ಪುಡಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು. ಅದು ಕಾಳಿನೊಳಗೆ ಇಳಿಸುವ ವಿಷದ ಹೆಸರು ಅಫ್ಲಾಟಾಕ್ಸಿನ್. ಯಕೃತ್ತಿಗೆ ಕ್ಯಾನ್ಸರ್ ತರುವ ವಿಷ ಅದು. ಹುರಿದರೆ ಪೂರ್ತಿ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಗಾಣಕ್ಕೆ ಹಾಕಿದರೆ ಸ್ವಲ್ಪ ಎಣ್ಣೆಗೆ ಬರುತ್ತದೆ, ಹೆಚ್ಚಿನದು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿ ಎಮ್ಮೆಯ ಹೊಟ್ಟೆಗೆ ಹೋಗಿ, ಸ್ವಲ್ಪ ರೂಪ ಬದಲಿಸಿಕೊಂಡು, ಮರುದಿನ ಹಾಲಿನಲ್ಲಿ ನಮ್ಮ ಮನೆಗೇ ಬರುತ್ತದೆ. ನಮ್ಮ ಕಡೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾಪುಡಿಗೂ ಹಿಂಡಿ ಎನ್ನುತ್ತೇವೆ, ದನಕ್ಕೆ ಹಾಕುವುದಕ್ಕೂ ಹಿಂಡಿ ಎನ್ನುತ್ತೇವೆ. ಎರಡೂ ದಾರಿ ಒಂದೇ ತಾಟಿಗೆ ಬಂದು ಸೇರುತ್ತವೆ.

ಕಷ್ಟವೆಂದರೆ, ನೋಡಲು ಚೊಕ್ಕ ಇರುವ ಬೀಜದೊಳಗೂ ಈ ವಿಷ ಇರಬಹುದು. ಎಷ್ಟು ಇದ್ದರೆ ಅಪಾಯ? ನಮ್ಮ ದೇಶದಲ್ಲಿ ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಹಾಕಿದ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಯುರೋಪಿನವರು ನೇರವಾಗಿ ತಿನ್ನುವ ಶೇಂಗಾಕ್ಕೆ ಇಟ್ಟ ಮಿತಿ 4. ಈ ಅಂಕಿ ಮನಸ್ಸಿಗೆ ಹತ್ತಬೇಕಾದರೆ ಪತ್ತಾರರ ತಕ್ಕಡಿಯ ಲೆಕ್ಕಕ್ಕೆ ಬರಬೇಕು. ಹತ್ತು ಟನ್ ಶೇಂಗಾ ತುಂಬಿದ ಒಂದು ಲಾರಿ ನಮ್ಮೂರಿನಿಂದ ಹೊರಟಿತೆನ್ನಿ. ಆ ಇಡೀ ಲಾರಿಯಲ್ಲಿ ಒಂದು ಗುಲಗಂಜಿ ತೂಕಕ್ಕಿಂತ ತುಸು ಹೆಚ್ಚು ವಿಷವಿದ್ದರೂ ಸಾಕು, ನಮ್ಮ ಮಿತಿ ಮುಟ್ಟಿತು. ಲಾರಿಯಲ್ಲಿ ಒಂದು ಗುಲಗಂಜಿ! ಅದನ್ನು ಯಾವ ತಾಯಿಯ ಕಣ್ಣು ಆರಿಸಬೇಕು?

ಅದನ್ನು ಆರಿಸಿದ್ದು ಬೆಳಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಅವುಗಳ ಮೇವಿನಲ್ಲಿ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ಇತ್ತು. ಹಿಂಡಿಯ ಸಾರವನ್ನು ಬೇರ್ಪಡಿಸಿ ನೇರಳಾತೀತ ದೀಪದ ಕೆಳಗೆ ಹಿಡಿದಾಗ ಒಂದು ಕಲೆ ನೀಲಿಯಾಗಿ, ಇನ್ನೊಂದು ಹಸಿರಾಗಿ ಹೊಳೆಯಿತು. ಇಂಗ್ಲಿಷಿನಲ್ಲಿ ಆ ಎರಡು ಬಣ್ಣಗಳ ಮೊದಲ ಅಕ್ಷರವನ್ನೇ ವಿಷಕ್ಕೆ ಹೆಸರಾಗಿ ಇಟ್ಟರು: ಅಫ್ಲಾಟಾಕ್ಸಿನ್ ಬಿ, ಅಫ್ಲಾಟಾಕ್ಸಿನ್ ಜಿ. ಅದು ಹೊರಗಿನವರ ಸುದ್ದಿ ಎಂದು ಬಿಡುವಂತಿರಲಿಲ್ಲ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಇದೇ ಬೂಷ್ಟು ಹಿಡಿದ ಗೋವಿನಜೋಳ ತಿಂದು 106 ಜನ ತೀರಿಕೊಂಡರು. ನಮ್ಮಂಥದೇ ಒಣಭೂಮಿಯ ಬಡವರು ಅವರು.

ಬೆಳಕಿನ ಮೂಲಕ ಇಂಥ ಅಡಗಿದ ವಸ್ತುವನ್ನು ತೋರಿಸುವ ಉಪಕರಣಗಳ ಒಂದು ಕುಲವಿದೆ. ಅದಕ್ಕೆ ದ್ಯುತಿ ಜೈವಿಕ ಸಂವೇದಕ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಮಾತಿನಲ್ಲಿ ಬಯೋಸೆನ್ಸರ್ ಎನ್ನೋಣ. ಅದರಲ್ಲಿ ಎರಡು ಭಾಗ. ಒಂದು ಭಾಗ ಗುರುತು ಹಿಡಿಯುತ್ತದೆ, ಅದು ಜೀವಿಯಿಂದ ಬಂದದ್ದು. ಇನ್ನೊಂದು ಭಾಗ ಹಾಗೆ ಗುರುತು ಹಿಡಿದದ್ದನ್ನು ಬೆಳಕಿನ ಭಾಷೆಯಲ್ಲಿ ಹೇಳುತ್ತದೆ: ಬಣ್ಣವಾಗಿ, ಹೊಳಪಾಗಿ, ಇಲ್ಲವೇ ಮಂಕಾಗಿ. ಈ ಸಂವೇದಕದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಅದು ಏನನ್ನು ಪತ್ತೆ ಮಾಡುತ್ತದೆ ಎಂಬುದನ್ನೇ ಹೇಳುತ್ತಾರೆ. ನಾನು ಇವತ್ತು ಅದನ್ನು ಯಾವುದರಿಂದ ಮಾಡಿದ್ದಾರೆ ಎಂಬುದನ್ನು ಹೇಳಬೇಕೆಂದಿದ್ದೇನೆ. ಯಾಕೆಂದರೆ ಆ ಸಾಮಾನಿನ ಪಟ್ಟಿ ಓದಿದಾಗ ನನಗೆ ನಮ್ಮ ಜಿಲ್ಲೆಯೇ ಕಂಡಿತು.

ನೀವು ಈಗಾಗಲೇ ಒಂದು ಬಯೋಸೆನ್ಸರ್ ನೋಡಿದ್ದೀರಿ. ಊರಿನ ಆಶಾ ಕಾರ್ಯಕರ್ತೆಯ ಚೀಲದಲ್ಲಿ ‘ನಿಶ್ಚಯ’ ಎಂಬ ಹೆಸರಿನ ಬಸಿರು ಪರೀಕ್ಷೆಯ ಕಿಟ್ ಇರುತ್ತದೆ. ಎರಡು ಮೂರು ಹನಿ ಮೂತ್ರ ಬಿಟ್ಟು ಐದು ನಿಮಿಷ ಕಾದರೆ ಬಿಳಿ ಪಟ್ಟಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಸಿಹಿ ಸುದ್ದಿ. ಕರೋನಾ ಕಾಲದಲ್ಲಿ ಮೂಗಿನ ದ್ರವಕ್ಕೆ ಬಳಸಿದ್ದೂ ಇದೇ ಬಗೆಯ ಪಟ್ಟಿ. ಆ ಬಿಳಿ ಪಟ್ಟಿ ಹತ್ತಿ. ಆ ಕೆಂಪು ಗೆರೆ ಚಿನ್ನ.

ಹತ್ತಿಯಿಂದ ಸುರು ಮಾಡುತ್ತೇನೆ. ನಮ್ಮ ಎರಿಮಣ್ಣಿನ ಬೆಳೆ ಅದು. ಜಿನ್ನಿನಲ್ಲಿ ಅರಳೆ ಬಿಡಿಸಿದ ಮೇಲೂ ಕಾಳಿಗೆ ಗಿಡ್ಡ ನವಿರು ಅಂಟಿಕೊಂಡೇ ಇರುತ್ತದೆಯಲ್ಲ, ಅದು ಬಹುಪಾಲು ಶುದ್ಧ ಸೆಲ್ಯುಲೋಸ್. ನೂಲಾಗುವಷ್ಟು ಉದ್ದವಿಲ್ಲ, ಹಾಗಾಗಿ ನೂಲಿನ ಗಿರಣಿಗೆ ಬೇಡ. ಅದನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಯಿಸಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. 1846ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಅದನ್ನು ಲೋಕಕ್ಕೆ ತಿಳಿಸಿದ. ಅಡುಗೆಮನೆಯಲ್ಲಿ ಚೆಲ್ಲಿದ ಆಮ್ಲವನ್ನು ಹೆಂಡತಿಯ ಹತ್ತಿಯ ಮೇಲುಡುಪಿನಿಂದ ಒರೆಸಿ ಒಲೆಯ ಹತ್ತಿರ ಒಣಹಾಕಿದ್ದ, ಅದು ಭಗ್ಗನೆ ಉರಿದುಹೋಯಿತು ಎಂದು ಅವನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಆಗ ಅದನ್ನು ಬಂದೂಕಿಗೆ ತುಂಬಿದರು. ಮುಂದೆ ಸಿನಿಮಾ ರೀಲು ಮಾಡಿದರು. ಈಗ ಅದನ್ನು ಸಣ್ಣ ಸಣ್ಣ ರಂಧ್ರಗಳಿರುವ ಹಾಳೆಯಾಗಿ ಎರಕ ಹೊಯ್ದು ಪರೀಕ್ಷೆಯ ಪಟ್ಟಿ ಮಾಡುತ್ತಾರೆ. ಅದಕ್ಕೆ ಎರಡು ಗುಣ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ದ್ರವವನ್ನು ತಾನಾಗಿ ಎಳೆದುಕೊಳ್ಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಮೇಲಾಗಿ ಪ್ರೋಟೀನನ್ನು ಗಟ್ಟಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಗೆರೆ ಎಳೆದ ಜಾಗದಲ್ಲೇ ಗೆರೆ ನಿಲ್ಲುತ್ತದೆ.

ಇನ್ನು ಚಿನ್ನ. ಗದಗಿನ ಸೀಮೆಗೂ ಚಿನ್ನಕ್ಕೂ ಹಳೆಯ ನಂಟು. ಲಕ್ಕುಂಡಿಯ ಟಂಕಸಾಲೆಯ ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯ ಶಾಸನಗಳಲ್ಲಿ ಬರುತ್ತದೆ. ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಸೊರಟೂರು, ಡೋಣಿಯ ಕಡೆ ಮಳೆಗಾಲ ಮುಗಿದ ಮೇಲೆ ಜಲಗಾರರು ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಗುಡ್ಡಗಳ ಚಿನ್ನದ ಕಲ್ಲುಗಳ ಬಗ್ಗೆ 1874ರಲ್ಲೇ ಬರೆದಿದ್ದಾನೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಂಪನಿಗಳು ಬಂದು ಸುರಂಗ ತೋಡಿ, ಗಿಟ್ಟದೆ ಬಿಟ್ಟು ಹೋದವು.

ಜಲಗಾರನ ಮರಿಗೆಯ ತಳದಲ್ಲಿ ಉಳಿದ ಕಣ ಹಳದಿ. ಪರೀಕ್ಷಾ ಪಟ್ಟಿಯ ಚಿನ್ನ ಯಾಕೆ ಕೆಂಪು? ಅದು ಗಾತ್ರದ ಮಹಿಮೆ. ಚಿನ್ನವನ್ನು ಆಮ್ಲರಾಜದಲ್ಲಿ ಕರಗಿಸಿ, ತುಂಬ ತೆಳು ಮಾಡಿ, ಕುದಿಯುವಾಗ ನಿಂಬೆಯ ಹುಳಿಯ ಜಾತಿಯ ಸೋಡಿಯಂ ಸಿಟ್ರೇಟ್ ಸುರಿದರೆ ನಸುಹಳದಿ ನೀರು ಮೊದಲು ಬಣ್ಣ ಕಳೆದುಕೊಂಡು, ಆಮೇಲೆ ಕಪ್ಪುನೀಲಿಯಾಗಿ, ಕೆಲವೇ ನಿಮಿಷದಲ್ಲಿ ದಾಳಿಂಬೆ ರಸದಂತೆ ಕೆಂಪಾಗುತ್ತದೆ. ನಾನು ವಿದ್ಯಾರ್ಥಿಗಳ ಮುಂದೆ ಇದನ್ನು ಮಾಡಿ ತೋರಿಸಿದಾಗ ಪ್ರತಿ ಸಲವೂ ತರಗತಿ ಒಂದು ಕ್ಷಣ ಸುಮ್ಮನಾಗಿದೆ. ಆ ಕೆಂಪಿನಲ್ಲಿರುವ ಚಿನ್ನದ ಕಣದ ಅಡ್ಡಳತೆ 20 ನ್ಯಾನೋಮೀಟರ್ ಆಸುಪಾಸು. ತಲೆಗೂದಲಿನ ದಪ್ಪದಲ್ಲಿ ಅಂಥ ಕಣಗಳನ್ನು ಸಾಲಾಗಿ ಜೋಡಿಸಿದರೆ ಸಾವಿರಾರು ಕೂರುತ್ತವೆ. ಇಷ್ಟು ಸಣ್ಣ ಕಣದೊಳಗಿನ ಎಲೆಕ್ಟ್ರಾನುಗಳೆಲ್ಲ ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗಾಡುತ್ತವೆ. ಅವು ತೂಗುವ ತಾಳ ಹಸಿರು ಬೆಳಕಿನದು. ಹಾಗಾಗಿ ಹಸಿರನ್ನು ಹೀರಿಕೊಂಡು ಕೆಂಪನ್ನು ನಮ್ಮ ಕಣ್ಣಿಗೆ ಬಿಡುತ್ತವೆ. ಕಣಗಳು ಒಂದಕ್ಕೊಂದು ಅಂಟಿ ಗುಂಪಾದರೆ ತಾಳ ಬದಲಾಗಿ ನೀಲಿಯಾಗುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲಿ ಈ ಕೆಂಪು ಚಿನ್ನದ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟಿದ್ದ. ಅವನು ಮಾಡಿಟ್ಟ ಸೀಸೆ ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಈಗಲೂ ಇದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಒಂದು ಪಟ್ಟಿಗೆ ಬೇಕಾಗುವ ಚಿನ್ನ ಕೆಲವೇ ಮೈಕ್ರೋಗ್ರಾಂ. ಒಂದು ಗ್ರಾಂ ಚಿನ್ನದಲ್ಲಿ ಲಕ್ಷದ ಲೆಕ್ಕದಲ್ಲಿ ಪಟ್ಟಿಗಳಾಗುತ್ತವೆ. ಒಬ್ಬ ಹೆಣ್ಣುಮಗಳ ಮೂಗುಬೊಟ್ಟು ಒಂದು ಜಿಲ್ಲೆಗೆ ಸಾಕು. ಹಾಗಾಗಿ ವಿಜ್ಞಾನಕ್ಕೆ ಚಿನ್ನ ಬೇಕು ಎಂಬ ನೆಪದಿಂದ ಯಾರೂ ಕಪ್ಪತಗುಡ್ಡಕ್ಕೆ ಕೈ ಹಚ್ಚುವ ಮಾತಾಡಬಾರದು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಜನ ಹೋರಾಡಿ ಉಳಿಸಿಕೊಂಡ ಗುಡ್ಡ ಅದು, 2019ರಲ್ಲಿ ವನ್ಯಜೀವಿಧಾಮವಾಯಿತು. ಆ ಗುಡ್ಡದ ಔಷಧಿ ಸಸ್ಯಗಳು ಅದರೊಳಗಿನ ಚಿನ್ನಕ್ಕಿಂತ ಬೆಲೆಯುಳ್ಳವು ಎಂದೇ ನನ್ನ ತೀರ್ಮಾನ.

ಹತ್ತಿ ಮತ್ತು ಚಿನ್ನ ಎರಡೂ ಸೇರಿದರೂ ಪಟ್ಟಿಗೆ ಇನ್ನೂ ಬುದ್ಧಿ ಬಂದಿಲ್ಲ. ಗುರುತು ಹಿಡಿಯುವುದು ಪ್ರತಿಕಾಯ, ಅಂದರೆ ಆಂಟಿಬಾಡಿ. ಸಂಜೆ ಅಡವಿಯಿಂದ ದನಗಳು ಊರಿಗೆ ಬಂದಾಗ ನೂರು ಕರುಗಳ ನಡುವೆ ತಾಯಿ ಹಸು ತನ್ನ ಕರುವನ್ನೇ ಮೂಸಿ ನಿಲ್ಲುತ್ತದೆಯಲ್ಲ, ಹಾಗೆ ಪ್ರತಿಕಾಯ ತನಗೆ ಸಂಬಂಧಪಟ್ಟ ಒಂದೇ ಅಣುವನ್ನು ಹಿಡಿಯುತ್ತದೆ. ಅಫ್ಲಾಟಾಕ್ಸಿನ್ ತೀರ ಚಿಕ್ಕ ಅಣು. ಪ್ರಾಣಿಯ ಮೈ ಅದನ್ನು ಶತ್ರು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ದೊಡ್ಡ ಪ್ರೋಟೀನಿಗೆ ಕಟ್ಟಿ ಚುಚ್ಚಿದಾಗ ಮಾತ್ರ ಪ್ರತಿಕಾಯ ಹುಟ್ಟುತ್ತದೆ. ಆ ಪ್ರತಿಕಾಯವನ್ನು ಕೆಂಪು ಚಿನ್ನದ ಕಣಗಳಿಗೆ ಸವರಿ ಪಟ್ಟಿಯ ಒಂದು ತುದಿಯಲ್ಲಿ ಒಣಗಿಸಿ ಇಡುತ್ತಾರೆ.

ಅಫ್ಲಾಟಾಕ್ಸಿನ್ ಪಟ್ಟಿಯನ್ನು ಓದುವಾಗ ಎಚ್ಚರ ಬೇಕು, ಅದು ಬಸಿರಿನ ಪಟ್ಟಿಗೆ ಉಲ್ಟಾ. ಪಟ್ಟಿಯ ನಡುವಿನ ಗೆರೆಯಲ್ಲಿ ಮೊದಲೇ ಸ್ವಲ್ಪ ಅಫ್ಲಾಟಾಕ್ಸಿನ್ ಕೂರಿಸಿರುತ್ತಾರೆ. ಶೇಂಗಾದಲ್ಲಿ ವಿಷವಿಲ್ಲದಿದ್ದರೆ ಚಿನ್ನದ ಕಣಗಳು ಖಾಲಿ ಕೈಯಲ್ಲಿ ಬಂದು ಗೆರೆಯಲ್ಲಿರುವುದನ್ನು ಹಿಡಿದುಕೊಳ್ಳುತ್ತವೆ, ಗೆರೆ ಕೆಂಪಾಗುತ್ತದೆ. ವಿಷವಿದ್ದರೆ ದಾರಿಯಲ್ಲೇ ಕಣಗಳ ಕೈ ತುಂಬಿಬಿಡುತ್ತದೆ. ಗದಗದಲ್ಲೇ ಸೀಟು ತುಂಬಿದ ಬಸ್ಸು ಹುಲಕೋಟಿಯಲ್ಲಿ ನಿಂತಂತೆ ಮಾಡಿ ಯಾರನ್ನೂ ಹತ್ತಿಸಿಕೊಳ್ಳದೆ ಮುಂದೆ ಹೋಗುವ ಹಾಗೆ ಅವು ಗೆರೆ ದಾಟಿ ಹೋಗುತ್ತವೆ. ಗೆರೆ ಮೂಡದಿದ್ದರೆ ವಿಷ ಇದೆ ಎಂದು ಅರ್ಥ. ಅದರಾಚೆಯ ಎರಡನೆಯ ಗೆರೆ ಮಾತ್ರ ಯಾವಾಗಲೂ ಬರಬೇಕು. ಅದು ಬರದಿದ್ದರೆ ಪಟ್ಟಿಯೇ ಕೆಟ್ಟಿದೆ.

ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಶೇಂಗಾ, ಜೋಳ, ಕಡಲೆ, ತೊಗರಿಯಂಥ ನಮ್ಮ ಬೆಳೆಗಳ ಮೇಲೆಯೇ ಕೆಲಸ ಮಾಡುತ್ತಿದೆ. ಅಲ್ಲಿಯವರು 2016ರಲ್ಲಿ ಇಂಥ ಒಂದು ಪಟ್ಟಿಯನ್ನು ಪ್ರಕಟಿಸಿದರು. ಆಗ ಅದರ ಬೆಲೆ 2 ಡಾಲರಿಗಿಂತ ಕಡಿಮೆ ಇತ್ತು; 15 ನಿಮಿಷದೊಳಗೆ ಉತ್ತರ, ಕಿಲೋಗೆ 10 ಮೈಕ್ರೋಗ್ರಾಂ ಇದ್ದರೂ ಹಿಡಿಯುತ್ತದೆ. ಆದರೆ ಪಟ್ಟಿಗಿಂತ ಕಷ್ಟದ ಕೆಲಸ ಒಂದಿದೆ, ಅದು ಮಾದರಿ ತೆಗೆಯುವುದು. ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಸಾವಿರ ಬೀಜ ಶುದ್ಧವಿದ್ದು ಒಂದೇ ಬೀಜದಲ್ಲಿ ಇಡೀ ಚೀಲ ಕೆಡಿಸುವಷ್ಟು ಇರಬಹುದು. ಮೇಲಿನ ಒಂದು ಹಿಡಿ ತೆಗೆದು ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯೇ ಅಲ್ಲ. ರಾಶಿಯ ಹಲವು ಕಡೆಯಿಂದ ಕಿಲೋಗಟ್ಟಲೆ ತೆಗೆದು, ಒಟ್ಟಿಗೆ ಬೀಸಿ, ಆ ಹಿಟ್ಟಿನಿಂದ ಮಾದರಿ ತೆಗೆಯಬೇಕು. ಮನೆಮನೆಯಲ್ಲಿ ಆಗುವ ಕೆಲಸವಲ್ಲ ಇದು. ಸೊಸೈಟಿಯಲ್ಲಿ ಆಗಬೇಕು. ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಸಾಲಕ್ಕೆ, ಗೊಬ್ಬರಕ್ಕೆ ಕೂಡಿದವರು ಪರೀಕ್ಷೆಗೂ ಕೂಡಬಹುದು.

ಇನ್ನೊಂದು ತೊಡಕು ಬಿಸಿಲು. ಪ್ರತಿಕಾಯ ಪ್ರೋಟೀನು, ಪ್ರೋಟೀನು ಬಿಸಿಗೆ ಮೊಟ್ಟೆಯ ಬಿಳಿಯಂತೆ ರೂಪ ಕೆಡುತ್ತದೆ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ತಗಡಿನ ಚಾವಣಿಯ ಕೆಳಗೆ ಇಟ್ಟ ಪೆಟ್ಟಿಗೆಯೊಳಗೆ ಅದು ಎಷ್ಟು ದಿನ ಬಾಳೀತು? ಸದ್ಯ ಸಕ್ಕರೆಯ ಜಾತಿಯ ವಸ್ತುಗಳನ್ನು ಜೊತೆಗೆ ಒಣಗಿಸಿ, ಪಾಕದಲ್ಲಿ ಹಣ್ಣು ಕಾಪಿಟ್ಟಂತೆ ಅದನ್ನು ಕಾಯುತ್ತಾರೆ. ಅದಕ್ಕಿಂತ ಗಟ್ಟಿಯಾದ ಕಾವಲು ಬೇರೆ ಇದೆ. ಅದು ಬೆಟಗೇರಿಯ ಮಗ್ಗದಲ್ಲಿ ನಾನು ಚಿಕ್ಕಂದಿನಲ್ಲಿ ಮುಟ್ಟಿದ ವಸ್ತು.

ನನ್ನ ಸೋದರಮಾವ ಬೆಟಗೇರಿಯಲ್ಲಿ ನೇಯುತ್ತಿದ್ದರು. ಹಸಿ ರೇಷ್ಮೆಯ ನೂಲು ಒರಟು, ಮಂಕು. ಅದನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಮೇಲಿನ ಅಂಟು ಬಿಟ್ಟು ಒಳಗಿನ ಹೊಳಪು ಹೊರಗೆ ಬರುತ್ತದೆ. ಆ ಅಂಟು ಸೆರಿಸಿನ್, ಒಳಗಿನದು ಫೈಬ್ರೋಯಿನ್. ಎರಡೂ ಪ್ರೋಟೀನುಗಳೇ. ಫೈಬ್ರೋಯಿನ್ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದುಂಡಾಗಿಲ್ಲ, ಮೂಲೆ ಸವೆದ ತ್ರಿಕೋನದಂತಿದೆ. ಆ ಆಕಾರದಿಂದಲೇ ರೇಷ್ಮೆ ಸೀರೆ ಬೆಳಕಿಗೆ ಹಾಗೆ ಮಿನುಗುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ಯಾಪ್ಲನ್ ಮತ್ತು ಫಿಯೊರೆನ್ಜೊ ಒಮೆನೆಟ್ಟೊ ಅವರ ತಂಡ ನೇಕಾರರು ಮಾಡುವಂತೆಯೇ ಮೊದಲು ಸೋಡಾದಲ್ಲಿ ಕುದಿಸಿ ಅಂಟು ತೆಗೆಯಿತು. ಆಮೇಲೆ ಫೈಬ್ರೋಯಿನ್ನನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣ ತೆಗೆದು, ನೀರಾಗಿ ಅಚ್ಚಿಗೆ ಸುರಿದು ಒಣಗಿಸಿತು. ಒಣಗಿದಾಗ ಸಿಕ್ಕಿದ್ದು ಗಾಜಿನಷ್ಟು ತಿಳಿಯಾದ ಹಾಳೆ. ಅಚ್ಚಿನಲ್ಲಿ ಎಷ್ಟು ಸೂಕ್ಷ್ಮ ಗೆರೆಗಳಿದ್ದರೂ ಅವೆಲ್ಲ ಹಾಳೆಯ ಮೇಲೆ ಮೂಡುತ್ತವೆ. ಹೀಗೆ ರೇಷ್ಮೆಯ ಮಸೂರ ಮಾಡಿದರು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೇಷ್ಮೆಯ ಜಾಲರಿ ಮಾಡಿದರು. 2008ರಲ್ಲಿ ಅವರು ಪ್ರಕಟಿಸಿದ ಕೆಲಸದಲ್ಲಿ ಆ ಹಾಳೆಯೊಳಗೇ ರಕ್ತದ ಹಿಮೋಗ್ಲೋಬಿನ್ನನ್ನೂ ಕಿಣ್ವವನ್ನೂ ಸೇರಿಸಿದ್ದರು. ಒಣಗಿದ ಮೇಲೂ ಅವು ತಮ್ಮ ಕೆಲಸ ಮರೆತಿರಲಿಲ್ಲ.

ಹಾಗೆಂದರೆ ಬೆಳಕು ಹಾಯುವ ಗಾಜೂ ರೇಷ್ಮೆಯೇ, ಗುರುತು ಹಿಡಿಯುವ ಪ್ರೋಟೀನನ್ನು ಬಿಸಿಯಿಂದ ಕಾಯುವ ತಿಜೋರಿಯೂ ರೇಷ್ಮೆಯೇ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆಯನ್ನು ಎಲ್ಲರಿಗಿಂತ ಹೆಚ್ಚು ತೆಗೆಯುವ ರಾಜ್ಯ ಕರ್ನಾಟಕ. ಗೂಡಿನ ದರ ಬಿದ್ದಾಗ ರೈತ ಕಣ್ಣೀರು ಹಾಕುವುದನ್ನು ನಾವು ಪ್ರತಿ ವರ್ಷ ಓದುತ್ತೇವೆ. ಸೀರೆಗೆ ಒದಗದ ತೂತುಬಿದ್ದ ಗೂಡು, ತುಂಡು ನೂಲು ಇವೂ ಫೈಬ್ರೋಯಿನ್ನೇ. ಕರಗಿಸುವ ಕೆಲಸಕ್ಕೆ ಎಳೆ ಉದ್ದವಿರಬೇಕೆಂದಿಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಪ್ರಾಜೆಕ್ಟಿಗೆ ವಿಷಯ ಸಿಗಲಿಲ್ಲ ಎಂದಾಗಲೆಲ್ಲ ನಾನು ಇದನ್ನು ಹೇಳುತ್ತ ಬಂದಿದ್ದೇನೆ.

ಪಟ್ಟಿಗಿಂತ ಸೂಕ್ಷ್ಮವಾಗಿ ಅಳೆಯುವ ಒಂದು ವಿದ್ಯೆಯೂ ಚಿನ್ನದ್ದೇ. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ತೆರೆ ಹಾಸಿ, ಗಾಜಿನ ಕಡೆಯಿಂದ ಬೆಳಕು ಬಿಟ್ಟು ಕೋನ ಬದಲಿಸುತ್ತ ಹೋದರೆ, ಒಂದು ನಿರ್ದಿಷ್ಟ ಕೋನದಲ್ಲಿ ಮರಳಿ ಬರಬೇಕಾದ ಬೆಳಕು ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಅದು ಚಿನ್ನದ ಎಲೆಕ್ಟ್ರಾನುಗಳ ಅಲೆಯಾಗಿ ಮೇಲ್ಮೈ ಹಿಡಿದು ಓಡಿಹೋಗಿರುತ್ತದೆ. ಚಿನ್ನದ ಇನ್ನೊಂದು ಮಗ್ಗುಲಲ್ಲಿ ಒಂದು ಪದರ ಅಣು ಬಂದು ಕೂತರೂ ಸಾಕು, ಆ ಕೋನ ಸರಿಯುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ತಂಬೂರಿ ಶ್ರುತಿ ಮಾಡುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ನಾದವೇ ಬೇರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೇ ಆ ಎಳೆಯ ಜಾಗ ಹಿಡಿಯುತ್ತಿದ್ದರು. ಈ ಉಪಕರಣ ನಾದದ ಬದಲು ಬೆಳಕಿನಲ್ಲಿ ಆ ಸರಿಯುವಿಕೆಯನ್ನು ಹಿಡಿಯುತ್ತದೆ. ಗಾಜು, ಲೋಹದ ತೆರೆ, ಬೆಳಕನ್ನು ಹೀಗೆ ಜೋಡಿಸುವ ದಾರಿಯನ್ನು 1968ರಲ್ಲಿ ಭೌತವಿಜ್ಞಾನಿ ಕ್ರೆಷ್‌ಮನ್ ತೋರಿಸಿದ. 1983ರಲ್ಲಿ ಸ್ವೀಡನ್ನಿನವರು ಅದರಿಂದ ಜೈವಿಕ ಅಣುಗಳನ್ನು ಪತ್ತೆ ಮಾಡಿದರು. ಔಷಧ ಸಂಶೋಧನೆಗೆ ಇವತ್ತು ಅದಿಲ್ಲದೆ ನಡೆಯುವುದಿಲ್ಲ. ಆದರೆ ಅದರ ಬೆಲೆ, ಅದಕ್ಕೆ ಬೇಕಾದ ತಂಪು ಕೋಣೆ, ಎರಡೂ ಊರಿನ ದವಾಖಾನೆಯ ಅಳವಿಗೆ ಮೀರಿದವು.

ಸಿಲಿಕಾನ್, ಗಾಜಿನ ಎಳೆ, ಗ್ರಾಫೀನ್, ಕ್ವಾಂಟಮ್ ಚುಕ್ಕೆ ಹೀಗೆ ಇನ್ನೂ ಹಲವು ವಸ್ತುಗಳಿವೆ. ಕ್ವಾಂಟಮ್ ಚುಕ್ಕೆಗಳಿಗೆ 2023ರ ನೊಬೆಲ್ ಬಂತು. ಅವುಗಳ ಬೆಳಕು ಕಣ್ಣು ಸೆಳೆಯುತ್ತದೆ ನಿಜ, ಆದರೆ ಚೆನ್ನಾಗಿ ಹೊಳೆಯುವ ಹಲವು ಚುಕ್ಕೆಗಳಲ್ಲಿ ಕ್ಯಾಡ್ಮಿಯಂ ಇದೆ. ಬಳಸಿದ್ದನ್ನೆಲ್ಲ ತಿಪ್ಪೆಗೆ ಎಸೆದು ಬೆಂಕಿ ಹಚ್ಚುವ ನಮ್ಮ ಊರುಗಳಿಗೆ ಅದು ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಅವರ ತಂಡ ಗಾಜಿನ ಎಳೆಯೊಳಗೇ ಸೂಕ್ಷ್ಮ ಜಾಲರಿ ಬರೆದು ಸಂವೇದಕ ಮಾಡುವ ಕೆಲಸವನ್ನು ಬಹಳ ವರ್ಷ ನಡೆಸಿತು. ಅದೇ ಸಂಸ್ಥೆಗೆ 1933ರಲ್ಲಿ ನಿರ್ದೇಶಕರಾಗಿ ಬಂದವರು ಸಿ.ವಿ. ರಾಮನ್. ಅವರು 1928ರ ಫೆಬ್ರುವರಿ 28ರಂದು ಕಂಡ ಪರಿಣಾಮದಲ್ಲಿ ಪ್ರತಿ ಅಣುವೂ ಚದುರಿದ ಬೆಳಕಿನಲ್ಲಿ ತನ್ನದೇ ಹೆಬ್ಬೆಟ್ಟಿನ ಗುರುತು ಬಿಡುತ್ತದೆ. ಆ ಗುರುತು ಬಹಳ ಮಂಕು. 1974ರಲ್ಲಿ ಒರಟು ಬೆಳ್ಳಿಯ ಮೇಲೆ ಅಣುವನ್ನು ಕೂರಿಸಿ ನೋಡಿದಾಗ ಅದು ಎಷ್ಟೋ ಪಟ್ಟು ಬಲವಾಗಿ ಕಂಡಿತು. ಹೆಚ್ಚಳ ಲಕ್ಷ ಪಟ್ಟು ಎಂದು ಆಮೇಲೆ ತಿಳಿಯಿತು. ರಾಮನ್ 1970ರಲ್ಲೇ ತೀರಿಕೊಂಡಿದ್ದರು. ಅವರು ಅದನ್ನು ನೋಡಬೇಕಾಗಿತ್ತು ಎಂದು ನನಗೆ ಬಹಳ ಸಲ ಅನಿಸಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದಲ್ಲಿ ಆ ಬೆಳ್ಳಿಯ, ಚಿನ್ನದ ಮೇಲ್ಮೈಗಳ ಮೇಲೆ ಒಳ್ಳೆಯ ಕೆಲಸ ನಡೆದಿದೆ.

ಶೇಂಗಾ ಬಿಟ್ಟು ಈಗ ನೀರಿಗೆ ಬರುತ್ತೇನೆ. ಮುಂಡರಗಿ ಸೀಮೆಯ ಹಳ್ಳಿಗಳಲ್ಲಿ ಹುಡುಗರು ನಕ್ಕಾಗ ಹಲ್ಲಿನ ಮೇಲಿನ ಕಂದು ಪಟ್ಟೆ ಕಾಣುತ್ತದೆ. ಬೋರಿನ ನೀರಿನಲ್ಲಿರುವ ಫ್ಲೋರೈಡ್ ಅದು. ವರ್ಷಗಟ್ಟಲೆ ಕುಡಿದವರ ಎಲುಬು ಬಿರುಸಾಗಿ ಬೆನ್ನು ಬಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ನಮ್ಮ ಮಾನಕ ಹೇಳುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. “ಕಾಸಿ ಕುಡೀತೇವ್ರಿ ಸರ, ಏನೂ ಆಗೂದಿಲ್ಲ” ಎಂದು ಎಷ್ಟೋ ತಾಯಂದಿರು ನನಗೆ ಭರವಸೆಯಿಂದ ಹೇಳಿದ್ದಾರೆ. ಅವರಿಗೆ ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂದು ಹೇಳುವಾಗ ನನ್ನ ನಾಲಿಗೆ ಏಳುವುದಿಲ್ಲ.

ಒಮ್ಮೆ ಸಂಬಂಧಿಕರ ಹೊಲದ ಬೋರಿನ ನೀರನ್ನು ಸೀಸೆಯಲ್ಲಿ ತುಂಬಿ ಒಂದು ಪ್ರಯೋಗಾಲಯಕ್ಕೆ ಕೊಟ್ಟು ಬಂದಿದ್ದೆ. ವರದಿ ಕೈಗೆ ಬರುವಷ್ಟರಲ್ಲಿ ಆ ಬೋರು ಬತ್ತಿ, ಅವರು ಬೇರೆ ಬೋರು ಕೊರೆಸಿ, ಅದರ ನೀರು ಕುಡಿಯತೊಡಗಿದ್ದರು. ಹೊಸ ನೀರಿನ ಬಗ್ಗೆ ಆ ವರದಿ ಏನು ಹೇಳೀತು? ಪರೀಕ್ಷೆ ಬಾವಿಯ ದಂಡೆಯ ಮೇಲೆಯೇ ಆಗಬೇಕು ಎಂಬ ಹಟ ನನಗೆ ಹುಟ್ಟಿದ್ದು ಆ ದಿನ.

ಅದಕ್ಕೆ ಈಗ ಎರಡು ದಾರಿ ಇವೆ. ಒಂದು, ಜಲಜೀವನ ಮಿಷನ್ನಿನಲ್ಲಿ ಹಳ್ಳಿಗೆ ಐದು ಜನ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕೈಯಲ್ಲಿಡುವ ಕಿಟ್. ಇಂಥ ಕಿಟ್ಟುಗಳಲ್ಲಿ ಜಿರ್ಕೋನಿಯಂ ಜೊತೆ ಕೂಡಿದ ಒಂದು ಕೆಂಪು ಬಣ್ಣವಿರುತ್ತದೆ. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಕಿತ್ತುಕೊಂಡರೆ ಕೆಂಪು ಮಾಸಿ ಹಳದಿಯ ಕಡೆ ವಾಲುತ್ತದೆ. ಇದರಲ್ಲಿ ಜೀವಾಂಶವಿಲ್ಲ, ಆದರೆ ಬೆಳಕಿನಲ್ಲಿ ಓದುವುದು ಅದೇ ಬಗೆ. ಇನ್ನೊಂದು ದಾರಿ ಹೊಸದು. ಕೆಲವು ಬ್ಯಾಕ್ಟೀರಿಯಾಗಳು ಫ್ಲೋರೈಡನ್ನು ತಾವೇ ಗುರುತು ಹಿಡಿದು ಹೊರಹಾಕುತ್ತವೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ತಂಡ 2012ರಲ್ಲಿ ಪ್ರಕಟಿಸಿತು. ಹಾಗೆ ಗುರುತು ಹಿಡಿಯುವ ಆರ್‌ಎನ್‌ಎ ತುಣುಕನ್ನು ತೆಗೆದುಕೊಂಡು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೂಲಿಯಸ್ ಲಕ್ಸ್ ಮತ್ತು ಸಂಗಡಿಗರು ಒಂದು ಪುಟ್ಟ ಕೊಳವೆ ಮಾಡಿದರು. ಜೀವಕೋಶವನ್ನು ಒಡೆದು, ಅದರ ಯಂತ್ರಾಂಗವನ್ನಷ್ಟೇ ಒಣಗಿಸಿ ಪುಡಿಯಾಗಿ ಇಟ್ಟಿರುತ್ತಾರೆ. ನೀರಿನ ಹನಿ ಬಿಟ್ಟಾಗ ಫ್ಲೋರೈಡ್ ಇದ್ದರೆ ಒಂದು ಕಿಣ್ವ ತಯಾರಾಗಿ ನೀರು ಹಳದಿಯಾಗುತ್ತದೆ. ಕೋಸ್ಟರಿಕಾದ ಇರಾಜು ಜ್ವಾಲಾಮುಖಿಯ ಹತ್ತಿರದ ನೀರುಗಳಲ್ಲಿ ಅದನ್ನು ಪ್ರಯೋಗಿಸಿ 2020ರಲ್ಲಿ ಪ್ರಕಟಿಸಿದರು. ಅವರು ನೋಡಿದ ಮಟ್ಟ ಅಮೆರಿಕದ ಲೆಕ್ಕದ 2 ಮಿಲಿಗ್ರಾಂ. ನಮ್ಮ ಮಿತಿ ಅದರ ಅರ್ಧ. ಮುಂಡರಗಿಯ ನೀರಿಗೆ ಅದನ್ನು ಹೊಂದಿಸಬೇಕಾದರೆ ಇನ್ನೂ ಚುರುಕು ಮಾಡಬೇಕು, ನಮ್ಮ ಗಡಸು ನೀರಿನಲ್ಲಿ ನಡೆಯುತ್ತದೆಯೇ ಎಂದು ನೋಡಬೇಕು. ಆ ಕೆಲಸ ಅಮೆರಿಕದವರು ನಮಗಾಗಿ ಮಾಡಿಕೊಡಲಿ ಎಂದು ಕಾಯುತ್ತ ಕೂರುವುದು ಸರಿಯಲ್ಲ.

ಸಾಮಾನು ನಮ್ಮಲ್ಲಿದೆ. ಹೊಲದಲ್ಲಿ ಹತ್ತಿ ಇದೆ, ರಾಜ್ಯದ ತುಂಬ ರೇಷ್ಮೆಗೂಡು ಇದೆ, ಪತ್ತಾರರ ಅಂಗಡಿಯ ಕಸದಲ್ಲಿ ಸಿಗುವಷ್ಟು ಚಿನ್ನ ಸಾಕು, ಬೆಳಕಂತೂ ನಮ್ಮ ಕಡೆ ಬೇಕಾದ್ದಕ್ಕಿಂತ ಹೆಚ್ಚು. ಹತ್ತಿಯನ್ನು ಹಾಳೆ ಮಾಡುವವರು, ಪ್ರತಿಕಾಯ ಬೆಳೆಸುವವರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹಿಂದೆ ನಮ್ಮ ಅರಳೆ ಮುಂಬಯಿ ದಾಟಿ ಹೋಗಿ ಬಟ್ಟೆಯಾಗಿ ಮರಳುತ್ತಿತ್ತು. ನಾಳೆ ಅದೇ ಅರಳೆ ಪರೀಕ್ಷಾ ಪಟ್ಟಿಯಾಗಿ ಹೊರಗಿನಿಂದ ಬಂದು ನಮ್ಮ ಶೇಂಗಾ ತಿರಸ್ಕರಿಸುವುದು ಬೇಡ. ಪಟ್ಟಿ ಮೊದಲು ರೈತನ ಕೈಯಲ್ಲಿ ಇರಲಿ, ಆಮೇಲೆ ಅಡತಿಯವರ ಕೈಯಲ್ಲಿ.

ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯರೇ, ಬರುವ ವರ್ಷ ನಿಮ್ಮ ವಿದ್ಯಾರ್ಥಿಗಳಿಂದ ಒಂದು ಸೀಸೆ ಕೆಂಪು ಚಿನ್ನ ಮಾಡಿಸಿ. ಹುಲಕೋಟಿಯ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರಕ್ಕೆ ಅವರನ್ನು ಕರೆದುಕೊಂಡು ಹೋಗಿ ಶೇಂಗಾದ ಬೂಷ್ಟು ತೋರಿಸಿ. ರೈತ ಬಂಧುಗಳೇ, ಶೇಂಗಾ ಕಿತ್ತ ಮೇಲೆ ಬಳ್ಳಿಯನ್ನು ಬುಡ ಮೇಲಾಗಿ, ಕಾಯಿ ಬಿಸಿಲಿಗೆ ಕಾಣುವಂತೆ ಒಣಹಾಕಿ. ಕಾಯಿ ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನುವವರೆಗೆ ಚೀಲ ಕಟ್ಟಬೇಡಿ. ತೇವ ನೂರಕ್ಕೆ 8ಕ್ಕಿಂತ ಕೆಳಗಿಳಿದರೆ ಆ ಬೂಷ್ಟು ಬೆಳೆಯಲಾರದು. ಆರಿಸಿ ತೆಗೆದ ಕೆಟ್ಟ ಬೀಜವನ್ನು ಗಾಣಕ್ಕೂ ಕೊಡಬೇಡಿ, ದನಕ್ಕೂ ಹಾಕಬೇಡಿ. ತಾಯಂದಿರೇ, ನಿಮ್ಮ ಊರಿನಲ್ಲಿ ನೀರಿನ ಕಿಟ್ ಯಾರ ಮನೆಯಲ್ಲಿದೆ ಎಂದು ಪಂಚಾಯತಿಯಲ್ಲಿ ಕೇಳಿ. ಹೊಸ ಬೋರಿನ ನೀರನ್ನು ಮಕ್ಕಳಿಗೆ ಕುಡಿಸುವ ಮೊದಲು ಒಂದು ಲೋಟ ಅವರಿಗೆ ಕೊಟ್ಟು ಬಣ್ಣ ನೋಡಿಸಿ.